ಕಾರ್‌ಶೆಡ್ ನೋಡಲು ಹೋದರೆ ಮೊದಲು ಗಾಡಿಯ ಕೆಳಗೆ ಇಳಿಯಿರಿ

ಮುಂಬೈ ಲೋಕಲ್‌ನ ಕಾರ್‌ಶೆಡ್, ಅಂದರೆ ಗಾಡಿಗಳನ್ನು ನಿಲ್ಲಿಸಿ ತಪಾಸಣೆ, ರಿಪೇರಿ ಮಾಡುವ ಜಾಗ ನೋಡುವ ಅವಕಾಶ ಸಿಕ್ಕರೆ, ಗೇಟು ದಾಟಿದ ಕೂಡಲೇ ಗಾಡಿ ಓಡಿಸುವ ಮೋಟರ್‌ಮನ್ ಕೂರುವ ಕ್ಯಾಬಿನ್ ಕಡೆ ಓಡಬೇಡಿ. ಎಲ್ಲರೂ ಅಲ್ಲಿಗೇ ಓಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಒಂದೂವರೆ ಗಂಟೆ ಕ್ಯೂನಲ್ಲಿ ನಿಂತೆ. ಎರಡು ನಿಮಿಷ ಸೀಟಿನಲ್ಲಿ ಕೂತೆ, ಒಂದು ಫೋಟೊ ತೆಗೆಸಿಕೊಂಡೆ. ಕೆಳಗೆ ಇಳಿಯುವಷ್ಟರಲ್ಲಿ ಪಿಟ್ ತೋರಿಸುವ ಹೊತ್ತು ಮುಗಿದಿತ್ತು. ಆ ಬೇಜಾರು ಎಷ್ಟೋ ದಿನ ಹೋಗಲಿಲ್ಲ.

ಪಿಟ್ ಅಂದರೆ ಎರಡು ಹಳಿಗಳ ನಡುವೆ ಉದ್ದಕ್ಕೂ ತೆಗೆದ ಹಳ್ಳ. ಆಳು ನಿಂತು ಕೆಲಸ ಮಾಡುವಷ್ಟು ಆಳ ಇರುತ್ತದೆ. ಗಾಡಿಯನ್ನು ಅದರ ಮೇಲೆ ತಂದು ನಿಲ್ಲಿಸುತ್ತಾರೆ. ಫಿಟರ್‌ಗಳು ಕೆಳಗೆ ಇಳಿದು, ತಲೆ ಎತ್ತಿ, ಟಾರ್ಚ್ ಹಿಡಿದು ಗಾಡಿಯ ಹೊಟ್ಟೆ ನೋಡುತ್ತಾರೆ. ನಾನು ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) 22 ವರ್ಷದಿಂದ ಲೋಕಲ್‌ನಲ್ಲಿ ಓಡಾಡುತ್ತಿದ್ದೇನೆ. ಅಷ್ಟೂ ವರ್ಷ ಗಾಡಿಯ ಮೇಲಿನ ಅರ್ಧ ಮಾತ್ರ ನೋಡಿದ್ದೆ. ಕೆಳಗಿನ ಅರ್ಧವನ್ನು ಪ್ಲಾಟ್‌ಫಾರಂ ಮುಚ್ಚಿಡುತ್ತದೆ. ಗಾಡಿ ಓಡುವುದು, ನಿಲ್ಲುವುದು, ತಿರುಗುವುದು ಎಲ್ಲ ಆ ಕೆಳಗಿನ ಅರ್ಧದಲ್ಲೇ ನಡೆಯುತ್ತದೆ.

ಎರಡನೇ ಸಲ ಹೋಗುವಾಗ ಅಣ್ಣನ ಮಗನನ್ನೂ ಕರೆದುಕೊಂಡು ಹೋದೆ. ಹನ್ನೊಂದು ವರ್ಷದ ಹುಡುಗ. ಮತ್ಸ್ಯಗಂಧ ಹತ್ತಿ ಉಡುಪಿಯಿಂದ ಬಂದಿದ್ದ. ಕೊಂಕಣ ರೈಲ್ವೆಯ ಸುರಂಗಗಳೆಲ್ಲ ಅವನಿಗೆ ಗೊತ್ತು, ಲೋಕಲ್ ಮಾತ್ರ ಹೊಸದು. ಆ ಸಲ ನಾವು ಹೇಗೆ ತಯಾರಾದೆವು, ಏನೇನು ನೋಡಿದೆವು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅನುಮತಿ. ಕಾರ್‌ಶೆಡ್ ಮ್ಯೂಸಿಯಂ ಅಲ್ಲ, ಟಿಕೆಟ್ ತೆಗೆದು ಒಳಗೆ ಹೋಗಲು ಆಗುವುದಿಲ್ಲ. ಒಬ್ಬರೇ ಹೋಗಿ ಗೇಟಿನಲ್ಲಿ ಕೇಳಿದರೆ ವಾಪಸ್ ಬರಬೇಕಾಗುತ್ತದೆ. ಶಾಲೆ, ಕಾಲೇಜು ಅಥವಾ ಸಂಘದ ಲೆಟರ್‌ಹೆಡ್‌ನಲ್ಲಿ ಡಿವಿಷನ್ ಕಚೇರಿಗೆ ಪತ್ರ ಬರೆಯಿರಿ. ಸೆಂಟ್ರಲ್ ರೈಲ್ವೆಯ ಮುಂಬೈ ಡಿವಿಷನ್ ಕಚೇರಿ ಸಿಎಸ್‌ಎಂಟಿಯಲ್ಲಿದೆ, ವೆಸ್ಟರ್ನ್ ರೈಲ್ವೆಯದು ಮುಂಬೈ ಸೆಂಟ್ರಲ್‌ನಲ್ಲಿ. ಸೆಂಟ್ರಲ್ ಕಡೆ ಕುರ್ಲಾ, ಕಳವಾ, ಸಾನ್ಪಾಡಾದಲ್ಲಿ ಕಾರ್‌ಶೆಡ್ ಇವೆ. ವೆಸ್ಟರ್ನ್ ಕಡೆ ಕಾಂದಿವಲಿ, ವಿರಾರ್‌ನಲ್ಲಿ ಇವೆ. ಪತ್ರದಲ್ಲಿ ಎಷ್ಟು ಜನ, ಮಕ್ಕಳು ಎಷ್ಟು, ಏನು ನೋಡಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಎರಡು ಮೂರು ತಿಂಗಳು ಮೊದಲೇ ಕೊಡಿ. ಮುಂಬೈಯಲ್ಲಿ ನಮ್ಮ ಕನ್ನಡ ಸಂಘಗಳಿಗೆ ಬರವಿಲ್ಲ ಅಲ್ವಾ? ನಾಟಕ, ಯಕ್ಷಗಾನದ ಜೊತೆಗೆ ವರ್ಷಕ್ಕೊಮ್ಮೆ ಮಕ್ಕಳಿಗೆ ಇಂಥದ್ದೂ ಒಂದು ಇಡಿ ಎಂದು ಪದಾಧಿಕಾರಿಗಳನ್ನು ಕೇಳಿ. ನಾವು ಹಾಗೇ ಕೇಳಿ ಹೋದದ್ದು.

ಹೋಗುವ ದಿನ ಭಾನುವಾರವಾದರೆ ಮೆಗಾ ಬ್ಲಾಕ್, ಅಂದರೆ ದುರಸ್ತಿಗಾಗಿ ಕೆಲವು ಗಂಟೆ ಗಾಡಿ ನಿಲ್ಲಿಸುವುದು, ಯಾವ ಲೈನಿಗೆ ಎಂದು ಶನಿವಾರವೇ ನೋಡಿಕೊಳ್ಳಿ.

ಈಗ ಮನೆಪಾಠ. ನನ್ನ ಪ್ರಕಾರ ಇದೇ ಮುಖ್ಯ. ಹೋಗುವ ಮೊದಲಿನ ಒಂದು ವಾರ ಲೋಕಲ್‌ನಲ್ಲಿ ಫೋನ್ ಚೀಲದಲ್ಲಿಟ್ಟು ಕಿವಿ ತೆರೆದು ಕೂರಿ. ಏನು ಕೇಳಿಸಿತು, ಅದು ಯಾಕೆ ಎಂದು ಒಂದು ಸಣ್ಣ ಪುಸ್ತಕದಲ್ಲಿ ಬರೆಯಿರಿ. ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಅದೇ ಶೆಡ್‌ನಲ್ಲಿ ಕೇಳಬೇಕಾದ ಪ್ರಶ್ನೆ.

ನಾನು ಪುಟ್ಟನಿಗೆ ಕೊಟ್ಟ ಮೊದಲ ಕೆಲಸ ಮೋಟರ್ ಕೋಚ್ ಹುಡುಕುವುದು. ಲೋಕಲ್‌ಗೆ ಎಕ್ಸ್‌ಪ್ರೆಸ್‌ಗಳ ಹಾಗೆ ಮುಂದೆ ಎಂಜಿನ್ ಇಲ್ಲ. 12 ಡಬ್ಬಿಯ ಗಾಡಿಯಲ್ಲಿ ಮೂರು ಮೂರು ಡಬ್ಬಿಯ ನಾಲ್ಕು ತಂಡ ಇರುತ್ತವೆ. ಪ್ರತಿ ತಂಡದಲ್ಲಿ ಒಂದು ಮೋಟರ್ ಕೋಚ್. ಉಳಿದ ಎರಡನ್ನು ಅದೇ ಎಳೆಯುತ್ತದೆ ಅಥವಾ ತಳ್ಳುತ್ತದೆ. ತಲೆ ಮೇಲೆ ಪೆಂಟೊ, ಅಂದರೆ ತಂತಿಗೆ ತಾಗುವ ಆ ಮಡಚುವ ಕೈ ಇದ್ದರೆ ಅದು ಮೋಟರ್ ಕೋಚ್. ಅದರಲ್ಲಿ ಕೂತರೆ ಗಾಡಿ ಹೊರಡುವಾಗ ಕಾಲ ಕೆಳಗಿನಿಂದ ಒಂದು ಕೂಗು ಏರುತ್ತಾ ಹೋಗುತ್ತದೆ. ಪಕ್ಕದ ಡಬ್ಬಿಯಲ್ಲಿ ಅದು ಅಷ್ಟು ಕೇಳಿಸುವುದಿಲ್ಲ. ಹುಡುಗ ಎರಡೇ ದಿನದಲ್ಲಿ ಕಣ್ಣು ಮುಚ್ಚಿ ಹೇಳುವಷ್ಟಾದ.

ಎರಡನೆಯದು ಬೆಲ್. ಮೊದಲ ಡಬ್ಬಿಯ ಹತ್ತಿರ ನಿಂತರೆ ಹೊರಡುವ ಮೊದಲು ಕ್ಯಾಬಿನ್ನಿನಲ್ಲಿ ಟಿಂಗ್ ಟಿಂಗ್ ಎಂದು ಎರಡು ಸಲ ಕೇಳಿಸುತ್ತದೆ. ಹಿಂದಿನ ತುದಿಯಲ್ಲಿರುವ ಗಾರ್ಡ್ ‘ಹೊರಡಬಹುದು’ ಎಂದು ಹೇಳುವ ಬಗೆ ಅದು. ಗಾರ್ಡ್ ಹುದ್ದೆಯ ಹೆಸರನ್ನು 2022ರಲ್ಲಿ ಟ್ರೇನ್ ಮ್ಯಾನೇಜರ್ ಎಂದು ಬದಲಿಸಿದ್ದಾರೆ. ಜನ ಇನ್ನೂ ಗಾರ್ಡ್ ಅಂತಲೇ ಅನ್ನುತ್ತಾರೆ.

ಮೂರನೆಯದು ಫ್ಯಾನ್. ಕೆಲವು ಜಾಗದಲ್ಲಿ ಓಡುವ ಗಾಡಿಯಲ್ಲಿ ಫ್ಯಾನ್ ಸೊರಗಿ ಮತ್ತೆ ತಿರುಗುತ್ತದೆ. ಗಾಡಿ ಕೆಟ್ಟಿತು ಎಂದು ಹೊಸಬರು ಗಾಬರಿಯಾಗುತ್ತಾರೆ. ಕೆಟ್ಟಿರುವುದಿಲ್ಲ. ಒಂದು ಸಬ್‌ಸ್ಟೇಷನ್‌ನ ಕರೆಂಟು ಮುಗಿದು ಇನ್ನೊಂದರದು ಶುರುವಾಗುವ ನಡುವೆ ಕರೆಂಟಿಲ್ಲದ ಸಣ್ಣ ತುಂಡು ತಂತಿ ಇರುತ್ತದೆ. ಅದಕ್ಕೆ ನ್ಯೂಟ್ರಲ್ ಸೆಕ್ಷನ್ ಎನ್ನುತ್ತಾರೆ. ಎರಡು ಕಡೆಯ ಕರೆಂಟಿನ ಫೇಸ್ ಬೇರೆ, ಒಂದಕ್ಕೊಂದು ತಾಗಬಾರದು. ಗಾಡಿ ತನ್ನ ವೇಗದಲ್ಲೇ ಆ ತುಂಡನ್ನು ದಾಟಿಬಿಡುತ್ತದೆ.

ಬರುವ ಗಾಡಿ ಎಲ್ಲಿಗೆ ಎಂದು ಪ್ಲಾಟ್‌ಫಾರಂನಲ್ಲಿ ತೋರಿಸುವ ಇಂಡಿಕೇಟರ್ ಓದುವುದನ್ನೂ ಕಲಿಯಿರಿ. ಸೆಂಟ್ರಲ್‌ನಲ್ಲಿ ‘ಟಿ’ ಅಂದರೆ ಠಾಣೆ, ‘ಕೆ’ ಅಂದರೆ ಕಲ್ಯಾಣ. ಆದರೆ ಕಸಾರಾಕ್ಕೆ ‘ಎನ್’, ಕರ್ಜತ್‌ಗೆ ‘ಎಸ್’. ಊರಿನ ಹೆಸರಿಗೂ ಅಕ್ಷರಕ್ಕೂ ಸಂಬಂಧವೇ ಇಲ್ಲ. ಕಲ್ಯಾಣದ ಮುಂದೆ ಲೈನು ಎರಡಾಗುತ್ತದೆ. ಒಂದು ಈಶಾನ್ಯಕ್ಕೆ ಥಳ್ ಘಾಟ್ ಕಡೆ, ಇನ್ನೊಂದು ಆಗ್ನೇಯಕ್ಕೆ ಭೋರ್ ಘಾಟ್ ಕಡೆ. ಇಂಗ್ಲಿಷಿನ ದಿಕ್ಕಿನ ಹೆಸರಿನ ಮೊದಲ ಅಕ್ಷರ ಅವು.

ಬಟ್ಟೆ ವಿಷಯ ಬೇಗ ಹೇಳುತ್ತೇನೆ. ಮುಚ್ಚಿದ ಶೂ ಬೇಕು, ಚಪ್ಪಲಿ ಬೇಡ. ಸೀರೆ ಬೇಡ, ದುಪಟ್ಟಾ ಮನೆಯಲ್ಲಿಡಿ. ಕೂದಲು ಬಿಗಿಯಾಗಿ ಕಟ್ಟಿ. ಕೆಂಪು ಬಟ್ಟೆಯಂತೂ ಬೇಡವೇ ಬೇಡ. ಹಳಿಯ ಹತ್ತಿರ ಕೆಂಪು ಅಂದರೆ ‘ನಿಲ್ಲಿಸು’. ಅಷ್ಟೇ ಅಲ್ಲ, ಕೈಯನ್ನೋ ಕರ್ಚೀಫನ್ನೋ ಜೋರಾಗಿ ಬೀಸಿದರೂ ರೈಲ್ವೆಯಲ್ಲಿ ಅದು ಅಪಾಯದ ಸನ್ನೆಯೇ. ಮಕ್ಕಳಿಗೆ ಮೊದಲೇ ಹೇಳಿ: ಚಲಿಸುವ ಗಾಡಿಗೆ ಟಾಟಾ ಮಾಡಬೇಡಿ. ಹೆಲ್ಮೆಟ್ ಅಲ್ಲೇ ಕೊಟ್ಟರು. ನೀರಿನ ಬಾಟಲಿ, ಪುಸ್ತಕ, ಪೆನ್ನು ಇದ್ದರೆ ಸಾಕು. ಫೋಟೊ ತೆಗೆಯುವ ಮೊದಲು ಪ್ರತಿ ಜಾಗದಲ್ಲೂ ಕೇಳಿ. ಸೆಲ್ಫಿ ಸ್ಟಿಕ್ ತರಲೇಬೇಡಿ. ಮೇಲೆ 25,000 ವೋಲ್ಟ್ ಹರಿಯುತ್ತಿರುತ್ತದೆ. ಅದಕ್ಕೆ ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ.

ಒಳಗೆ ಹೋದ ಮೇಲೆ ಸೀದಾ ಪಿಟ್‌ಗೆ ಹೋಗಿ.

ಮೆಟ್ಟಿಲು ಇಳಿದು ತಲೆ ಎತ್ತಿದಾಗ ಪುಟ್ಟ ಬಾಯಿ ತೆರೆದು ನಿಂತುಬಿಟ್ಟ. ಅಲ್ಲಿದ್ದ ಫಿಟರ್ ಕಲಬುರಗಿ ಕಡೆಯವರು. ನಮ್ಮ ಮಾತು ಕೇಳಿ ತಾವೇ ಹತ್ತಿರ ಬಂದರು. “ಕನ್ನಡದವ್ರೇನ್ರಿ ಅಕ್ಕಾರ? ಬರ್ರಿ, ತೋರಸ್ತೀನಿ. ತಮ್ಮಾ, ಕೈ ಹಚ್ಚಬ್ಯಾಡ, ಕಣ್ಣಿಲೆ ನೋಡು” ಎಂದರು. ಮುಂದಿನ ಮುಕ್ಕಾಲು ಗಂಟೆ ಅವರೇ ನಮ್ಮ ಮೇಷ್ಟ್ರು.

ಅವರು ಮೊದಲು ತಿದ್ದಿದ್ದು ನಮ್ಮ ಒಂದು ಪದವನ್ನು. ನಾವು ಡಬ್ಬಿಗೆ ಬೋಗಿ ಅನ್ನುತ್ತೇವಲ್ಲ, ಶೆಡ್‌ನಲ್ಲಿ ಬೋಗಿ ಅಂದರೆ ಅದಲ್ಲ. ಡಬ್ಬಿಯ ಕೆಳಗೆ ಎರಡು ತುದಿಯಲ್ಲಿ ಒಂದೊಂದು ಕಬ್ಬಿಣದ ಚೌಕಟ್ಟು ಇರುತ್ತದೆ. ಒಂದೊಂದಕ್ಕೂ ಎರಡು ಅಚ್ಚು, ನಾಲ್ಕು ಗಾಲಿ. ಅದು ಬೋಗಿ. ಮೇಲಿನ ಡಬ್ಬಿ ಅದರ ಮೇಲೆ ಕೂತಿರುತ್ತದೆ. ತಿರುವು ಬಂದಾಗ ಬೋಗಿ ಮೊದಲು ತಿರುಗುತ್ತದೆ, ಡಬ್ಬಿ ಹಿಂದೆ ಬರುತ್ತದೆ.

ಆಮೇಲೆ ಗಾಲಿ. ಹೊಸದಿದ್ದಾಗ 952 ಮಿಲಿಮೀಟರ್ ಅಡ್ಡಳತೆ. ಓಡಿ ಓಡಿ ಸವೆಯುತ್ತದೆ, ಲೇತ್‌ನಲ್ಲಿ ಹೆರೆದು ಮತ್ತೆ ಆಕಾರಕ್ಕೆ ತರುತ್ತಾರೆ. ಗಾಲಿಯನ್ನು ಹತ್ತಿರದಿಂದ ನೋಡಿ: ಅದು ಸಪಾಟಾಗಿಲ್ಲ. ಒಳಬದಿ ದಪ್ಪ, ಹೊರಬದಿಗೆ ಹೋದಂತೆ ಸ್ವಲ್ಪ ಸಣ್ಣ. ಇದು ಯಾಕೆ ಎಂದು ಮನೆಯಲ್ಲೇ ಮಾಡಿ ನೋಡಬಹುದು. ಎರಡು ಸ್ಟೀಲ್ ಲೋಟದ ಬಾಯಿಗೆ ಬಾಯಿ ಇಟ್ಟು ಟೇಪ್ ಸುತ್ತಿ. ಎರಡು ಉದ್ದ ಕೋಲನ್ನು ಹಳಿಯ ಹಾಗೆ ಸ್ವಲ್ಪ ಇಳಿಜಾರಾಗಿ ಇಟ್ಟು ಲೋಟದ ಜೋಡಿಯನ್ನು ಉರುಳಿಸಿ. ಪಕ್ಕಕ್ಕೆ ಸರಿದರೂ ತಾನೇ ಮಧ್ಯಕ್ಕೆ ಬರುತ್ತದೆ. ಒಂದು ಬದಿಗೆ ಸರಿದಾಗ ಆ ಬದಿಯಲ್ಲಿ ದಪ್ಪ ಭಾಗ ಕೋಲಿನ ಮೇಲೆ ಬರುತ್ತದೆ, ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಜೋಡಿ ತಿರುಗಿಕೊಳ್ಳುತ್ತದೆ. ಗಾಡಿ ತಿರುವಿನಲ್ಲಿ ದಾರಿ ಹಿಡಿಯುವುದೂ ಹೀಗೇ. ಗಾಲಿಯ ಒಳಬದಿಯಲ್ಲಿ ಎದ್ದಿರುವ ಅಂಚು ಇದೆಯಲ್ಲ, ಅದು ಕೊನೆಯ ಕಾವಲು ಮಾತ್ರ. ನಾನು ಇಷ್ಟು ವರ್ಷ ಆ ಅಂಚೇ ಎಲ್ಲ ಕೆಲಸ ಮಾಡುತ್ತದೆ ಎಂದುಕೊಂಡಿದ್ದೆ.

ಬ್ರೇಕ್ ಬ್ಲಾಕ್ ಬದಲಿಸುತ್ತಿದ್ದರು. ಗಾಲಿಯ ಮೈಗೆ ಒತ್ತುವ ದಪ್ಪ ತುಂಡು ಅದು. ಹಳೆಯದು ಸವೆದು ತೆಳ್ಳಗಾಗಿತ್ತು. ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಆದರೆ ಈಗಿನ ಗಾಡಿಗಳಲ್ಲಿ ವೇಗ ಇಳಿಸುವ ಕೆಲಸ ಬಹಳಷ್ಟು ಮೋಟರಿನದ್ದೇ. ಬ್ರೇಕ್ ಹಾಕಿದಾಗ ಮೋಟರ್ ಜನರೇಟರ್ ಆಗುತ್ತದೆ, ಹುಟ್ಟಿದ ಕರೆಂಟನ್ನು ತಂತಿಗೆ ವಾಪಸ್ ಕೊಡುತ್ತದೆ. ಅದನ್ನು ಹತ್ತಿರದಲ್ಲಿ ಓಡುವ ಇನ್ನೊಂದು ಲೋಕಲ್ ಬಳಸಿಕೊಳ್ಳಬಹುದು. ಸ್ಟೇಷನ್ ಹತ್ತಿರವಾದಂತೆ ಕಾಲ ಕೆಳಗಿನ ಕೂಗು ಇಳಿಯುತ್ತಾ ಬರುತ್ತದಲ್ಲ, ಅದು ಇದೇ. ಪೂರ್ತಿ ನಿಲ್ಲುವ ಕೊನೆಯ ಹಂತಕ್ಕೆ ಮಾತ್ರ ಬ್ಲಾಕ್ ಬೇಕು.

ನನಗೆ ನೋಡಲೇಬೇಕಿದ್ದದ್ದು ಮೋಟರ್.

2005ರ ಜುಲೈ 26ರಂದು ನಾನು ಕುರ್ಲಾ ಹತ್ತಿರ ನಿಂತುಹೋದ ಲೋಕಲ್‌ನಲ್ಲಿದ್ದೆ. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಹಳಿ ಕಾಣುತ್ತಿರಲಿಲ್ಲ. ಹೆಂಗಸರ ಡಬ್ಬಿಯಲ್ಲಿ ಒಬ್ಬರ ಭುಜಕ್ಕೆ ಒಬ್ಬರು ಒರಗಿ ರಾತ್ರಿಯವರೆಗೆ ಕೂತೆವು. ಯಾರೋ ಒಂದು ಡಬ್ಬ ಚಪಾತಿ ಹಂಚಿದರು. ಅವತ್ತಿನಿಂದ ನನಗೊಂದು ಪ್ರಶ್ನೆ ಇತ್ತು. ಬಸ್ಸು, ಲಾರಿ ಸ್ವಲ್ಪ ನೀರಲ್ಲಾದರೂ ಹೋಗುತ್ತವೆ. ಇಷ್ಟು ಎತ್ತರದ ರೈಲು ಯಾಕೆ ಹೋಗುವುದಿಲ್ಲ?

ಪಿಟ್‌ನಲ್ಲಿ ನಿಂತಾಗ ಉತ್ತರ ಕಣ್ಣೆದುರಿಗೇ ಇತ್ತು. ಒಂದು ಮೋಟರ್ ಕೋಚ್‌ಗೆ ನಾಲ್ಕು ಮೋಟರ್, ಅಚ್ಚಿಗೆ ಒಂದರಂತೆ. ಅಚ್ಚಿನ ಪಕ್ಕದಲ್ಲೇ ತೂಗುತ್ತಿರುತ್ತವೆ. ಮೋಟರಿನ ಹೊಟ್ಟೆಗೂ ಹಳಿಗೂ ನಡುವೆ ಗೇಣಿನಷ್ಟು ಜಾಗ ಇದ್ದರೆ ಹೆಚ್ಚು. ನಾವು ಕೂರುವ ಸೀಟು ಆಳೆತ್ತರದಲ್ಲಿದೆ, ಗಾಡಿ ಓಡಿಸುವ ಯಂತ್ರ ನೀರಿನ ಮಟ್ಟದಲ್ಲಿದೆ. ನೀರು ಹಳಿ ಮುಚ್ಚಿ ಏರಿದರೆ ಮೊದಲು ಮುಳುಗುವುದು ಅದೇ. ಫಿಟರ್ ಅಣ್ಣ ಏನೂ ಹೇಳಲಿಲ್ಲ, ಹಳಿಯ ಮೇಲೆ ಕೈ ಅಡ್ಡ ಹಿಡಿದು ತೋರಿಸಿದರು, ಅಷ್ಟೇ. ಆ ರಾತ್ರಿ ಅಲ್ಲೇ ನಿಲ್ಲಿಸಿದ್ದು ಯಾಕೆ ಎಂದು ಅವತ್ತು ಸರಿಯಾಗಿ ಅರ್ಥವಾಯಿತು.

ಪಿಟ್ ಆದ ಮೇಲೆ ಮೇಲೆ ಹತ್ತಿ. ಗಾಡಿಯ ಚಾವಣಿಯ ಎತ್ತರಕ್ಕೆ ಕಟ್ಟೆ ಇರುವ ಜಾಗ ಇದ್ದರೆ, ಅಲ್ಲಿ ತಂತಿಗೆ ಕರೆಂಟು ತೆಗೆದ ಮೇಲೆ, ಅವರು ಕರೆದಾಗ ಮಾತ್ರ ಹೋಗಿ. ಪೆಂಟೊದ ತುದಿಯಲ್ಲಿ ತಂತಿಗೆ ಉಜ್ಜುವ ಕಪ್ಪು ಪಟ್ಟಿ ನೋಡಿ. ಕಾರ್ಬನ್ ಅದು. ಉದ್ದಕ್ಕೂ ಒಂದೇ ಸಮ ಸವೆದಿರುತ್ತದೆ. ಅದಕ್ಕೆ ಕಾರಣ ಹೊರಗೆ ಲೈನಿನ ಮೇಲಿದೆ. ತಂತಿಯನ್ನು ಹಳಿಯ ನಟ್ಟನಡುವೆ ನೇರವಾಗಿ ಎಳೆದಿರುವುದಿಲ್ಲ. ಒಂದು ಕಂಬದಲ್ಲಿ 200 ಮಿಲಿಮೀಟರ್ ಎಡಕ್ಕೆ, ಮುಂದಿನದರಲ್ಲಿ ಅಷ್ಟೇ ಬಲಕ್ಕೆ ಎಳೆದಿರುತ್ತಾರೆ. ನೇರ ಎಳೆದಿದ್ದರೆ ಪಟ್ಟಿಯ ಒಂದೇ ಜಾಗ ಗರಗಸದಲ್ಲಿ ಕೊಯ್ದ ಹಾಗೆ ಆಗುತ್ತಿತ್ತು. ಮರುದಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ತಲೆ ಎತ್ತಿದರೆ ಆ ಅಂಕುಡೊಂಕು ಕಾಣುತ್ತದೆ.

ಇಲ್ಲಿ ವಯಸ್ಸಾದ ಸಿಬ್ಬಂದಿ ಸಿಕ್ಕರೆ ಡಿಸಿ ಕಾಲದ ಬಗ್ಗೆ, ಅಂದರೆ ಈಗಿನ ಎಸಿ ಕರೆಂಟಿನ ಬದಲು ಡಿಸಿ ಕರೆಂಟಿನಲ್ಲಿ ಗಾಡಿ ಓಡುತ್ತಿದ್ದ ಕಾಲದ ಬಗ್ಗೆ ಕೇಳಿ. 1925ರ ಫೆಬ್ರವರಿ 3ರಂದು ವಿಟಿಯಿಂದ (ಈಗಿನ ಸಿಎಸ್‌ಎಂಟಿ) ಕುರ್ಲಾಕ್ಕೆ ಹಾರ್ಬರ್ ಲೈನಿನಲ್ಲಿ ದೇಶದ ಮೊದಲ ಎಲೆಕ್ಟ್ರಿಕ್ ಗಾಡಿ ಓಡಿದ್ದು 1500 ವೋಲ್ಟ್ ಡಿಸಿಯಲ್ಲಿ. ಆ ಡಿಸಿ ಹಾರ್ಬರ್ ಲೈನಿನಿಂದ ಹೋದದ್ದು 2016ರ ಏಪ್ರಿಲ್‌ನಲ್ಲಿ. 90 ವರ್ಷಕ್ಕೂ ಜಾಸ್ತಿ. ಹಳೇ ಡಿಸಿ ಗಾಡಿಗಳ ಸದ್ದೇ ಬೇರೆ ಇತ್ತು, ಕಡಿಮೆ ದನಿಯ ಗುಂಯ್‌ಗುಟ್ಟುವಿಕೆ. ಅದನ್ನು ಬಾಯಲ್ಲಿ ಮಾಡಿ ತೋರಿಸುವ ಒಬ್ಬರು ನಮಗೆ ಸಿಕ್ಕರು.

ಕೊನೆಗೆ ಕ್ಯಾಬಿನ್. ಹೊತ್ತು ಉಳಿದರೆ ಹೋಗಿ. ಅಷ್ಟೊತ್ತಿಗೆ ಕ್ಯೂ ಕೂಡ ಕರಗಿರುತ್ತದೆ. ಸೀಟಿನಲ್ಲಿ ಕೂರುವುದಕ್ಕಿಂತ ಹಿಡಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿ. ಮೋಟರ್‌ಮನ್ ಅದನ್ನು ಒತ್ತಿ ಹಿಡಿದೇ ಇರಬೇಕು. ಅವರಿಗೆ ಏನಾದರೂ ಆಗಿ ಕೈ ಸಡಿಲವಾದರೆ ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಕೆಂಪು ಸಿಗ್ನಲ್ ಬಗ್ಗೆಯೂ ಕೇಳಿ. ಲೋಕಲ್ ಲೈನಿನ ಆಟೊಮ್ಯಾಟಿಕ್ ಸಿಗ್ನಲ್ ಕೆಂಪಿದ್ದರೆ ಹಗಲಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ನಿಂತು, ಆಮೇಲೆ ತುಂಬಾ ಹುಷಾರಾಗಿ ಮೆಲ್ಲಗೆ ಮುಂದೆ ಹೋಗುವ ನಿಯಮ ಇದೆ. ಎರಡು ಸ್ಟೇಷನ್ ನಡುವೆ ಸುಮ್ನೆ ನಿಂತು ತೆವಳುವ ಲೋಕಲ್ ಕಂಡರೆ ಇನ್ನು ಮುಂದೆ ನಿಮಗೆ ಕಾರಣ ಹೊಳೆಯುತ್ತದೆ.

ಪ್ರಶ್ನೆ ಕೇಳುವ ಬಗೆಯ ಬಗ್ಗೆ ಒಂದು ಮಾತು. ಕೆಲಸದ ನಡುವೆ ಇರುವವರನ್ನು ತಡೆಯಬೇಡಿ. ಸ್ಪ್ಯಾನರ್ ಕೆಳಗಿಟ್ಟ ಮೇಲೆ ಕೇಳಿ. ‘ಗಾಡಿ ಯಾಕೆ ಲೇಟ್’ ಎಂದು ಶುರು ಮಾಡಬೇಡಿ. ಅದು ಅವರ ಕೈಯಲ್ಲಿಲ್ಲ. ‘ನಾನು ಮೋಟರ್ ಕೋಚ್‌ನಲ್ಲಿ ಕೂತಾಗ ಹೀಗೊಂದು ಸದ್ದು ಕೇಳಿದೆ, ಅದೇನು’ ಎಂದು ಕೇಳಿ. ಅವರ ಮುಖ ನೋಡಿ ಆಗ. ತಾವು ಬಿಗಿದ ನಟ್ಟನ್ನು, ತಾವು ಹೆರೆದ ಗಾಲಿಯನ್ನು ಯಾರೋ ಗಮನಿಸಿ ಕೇಳಿದ್ದಾರೆ. ಲೋಕಲ್ ರಾತ್ರಿ ಒಂದರಿಂದ ನಾಲ್ಕರವರೆಗೆ ನಿಲ್ಲುತ್ತದಲ್ಲ, ನಾವು ಮಲಗಿರುವ ಆ ಹೊತ್ತಿನಲ್ಲೇ ಇವರ ಕೆಲಸ ಜಾಸ್ತಿ. ಹೊರಡುವಾಗ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಮನೆಗೆ ಹೋಗಿ ಮಕ್ಕಳ ಕೈಯಲ್ಲಿ ಒಂದು ಪತ್ರ ಬರೆಸಿ ಕಳಿಸಿ. ಸಂಘದ ಮುಂದಿನ ವರ್ಷದ ಅರ್ಜಿಗೂ ಅದು ಒಳ್ಳೆಯದು.

ಹೊರಗೆ ಬಂದ ಮೇಲೆ ಹುರುಪಿನಲ್ಲಿ ಫೋಟೊಗಾಗಿ ಹಳಿಗೆ ಇಳಿಯಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಜೀವದ ಮಾತು ಬೇರೆ.

ನಮ್ಮದು ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಮಾಟುಂಗಾದಲ್ಲಿ ಇಳಿದು ಇಡ್ಲಿ ತಿಂದೆವು. ನಮ್ಮಪ್ಪ ಕುಂದಾಪುರದಿಂದ ಬಂದು ಮೊದಲು ಕೆಲಸಕ್ಕೆ ನಿಂತದ್ದು ಇಲ್ಲಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ, ಹಾಗಾಗಿ ಇಲ್ಲಿ ಇಳಿಯದೆ ನನಗೆ ಆಗುವುದಿಲ್ಲ. ಅಲ್ಲಿಂದ ಸಿಎಸ್‌ಎಂಟಿಗೆ ಹೋದೆವು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ಗಾಡಿ 14 ಡಬ್ಬಿ ಹೊತ್ತು ಠಾಣೆಗೆ ಹೊರಟದ್ದು ಇಲ್ಲಿಂದಲೇ. ಆಗ ಇದು ಬೋರಿ ಬಂದರ್. ಮೂರು ಎಂಜಿನ್ ಎಳೆದವು: ಸಾಹಿಬ್, ಸಿಂಧ್, ಸುಲ್ತಾನ್. ಈಗಿನ ಕಟ್ಟಡ ಆಮೇಲಿನದು, ಕೆಲಸ ಶುರುವಾದದ್ದು 1878ರಲ್ಲಿ. ಗೇಟಿನ ಕಂಬದ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಲೋಕಲ್ ಟಿಕೆಟ್ ಕೊಡುವ ಹಾಲ್‌ನ ಚಾವಣಿಯನ್ನು ಒಂದು ಸಲ ತಲೆ ಎತ್ತಿ ನೋಡಿ. ದಿನಾ ಅದರ ಕೆಳಗೆ ಓಡುವ ನಾನು ಅವತ್ತೇ ಸರಿಯಾಗಿ ನೋಡಿದ್ದು, ಅದೂ ಹುಡುಗ ತೋರಿಸಿದ ಮೇಲೆ.

ಇನ್ನೊಂದು ಉಳಿಯಿತು. ಪಿಟ್‌ನಲ್ಲಿ ನೋಡಿದ ಡಬ್ಬಿಯ ನಂಬರ್ ಬರೆದುಕೊಳ್ಳಿ. ಹೊರಮೈ ಮೇಲೆ ಬರೆದಿರುತ್ತದೆ. ಆಮೇಲೆ ದಿನಾ ಪ್ಲಾಟ್‌ಫಾರಂನಲ್ಲಿ ಬರುವ ಗಾಡಿಗಳ ನಂಬರ್ ಮೇಲೆ ಕಣ್ಣಿಡಿ. ನಮ್ಮ ನಂಬರ್ ಸಿಗಲು ಮೂರು ವಾರ ಬೇಕಾಯಿತು. ಒಂದು ಬುಧವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಅದೇ ಡಬ್ಬಿ ನನ್ನ ಎದುರಿಗೇ ಬಂದು ನಿಂತಿತು. ಫೋಟೊ ತೆಗೆದು ಉಡುಪಿಗೆ ಕಳಿಸಿದೆ. ಹುಡುಗ ಶಾಲೆಗೆ ಹೊರಡುವ ಗಡಿಬಿಡಿಯಲ್ಲೂ ಕೂಡಲೇ ಫೋನ್ ಮಾಡಿದ.

“ಅತ್ತೆ, ಆ ಅಣ್ಣ ಹಾಕಿದ ಬ್ರೇಕ್ ಬ್ಲಾಕ್ ಎಷ್ಟು ಸವೆದಿದೆ? ಕಾಣ್ತದಾ?”

“ಪ್ಲಾಟ್‌ಫಾರಂ ಅಡ್ಡ ಬರ್ತದೆ ಪುಟ್ಟಾ” ಎಂದೆ.